ಭಾವಿಸಿಯಾಯಿತು

ಜನವರಿ ೧೨, ಭಾನುವಾರ

ಈ ಡೈರಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ರಾಷ್ಟ್ರೀಯ ಗಾಲ್ಫ್ ಮಂಡಳಿ ತನ್ನ ಸದಸ್ಯರಿಗೆಂದೇ ಮಾಡಿಸಿದ್ದು. ಅಂಚಿಗೆ ಹೊನ್ನಿನ ಬಣ್ಣ, ರಟ್ಟಿನ ಮೇಲೆ ಮಂಡಳಿಯ ಮುದ್ರೆ, ನಡುವೆ ಗುರುತಿಗೊಂದು ರೇಷ್ಮೆ ದಾರ. ಬಂದ ದಿನದಿಂದ ಅದನ್ನು ಅಂಗಡಿಯ ಮೇಜಿನ ಮೇಲೆ ಗಿರಾಕಿಗಳ ಕಣ್ಣಿಗೆ ಬೀಳುವಂತೆ ಇಟ್ಟಿದ್ದೆ. "ಅದು ಬರೆಯೋಕಾ, ಮೆರೆಯೋಕಾ?" ಎಂದು ನನ್ನಾಕೆ ಇವತ್ತು ಕೇಳಿದಳು. ಎರಡಕ್ಕೂ ಎಂದು ತೋರಿಸಲು ಬರೆಯಲು ಕೂತಿದ್ದೇನೆ.

ನಾನು ಮಂಡಳಿಗೆ ಹೇಗೆ ಬಂದೆ ಎಂಬುದು ಮೊದಲು ದಾಖಲಾಗಲಿ. ನಮ್ಮ ವಲಯಕ್ಕೆ ಅಲ್ಲಿರುವುದು ಒಂದೇ ಕುರ್ಚಿ. ಇಲ್ಲಿನ ಎರಡು ದೊಡ್ಡ ಕ್ಲಬ್ಬುಗಳಿಗೆ ಎಣ್ಣೆ ಸೀಗೆಕಾಯಿ ಸಂಬಂಧ. ಇವರು ನಿಂತರೆ ಅವರು ಬಿಡರು, ಅವರು ನಿಂತರೆ ಇವರು ಬಿಡರು. ಕೊನೆಗೆ ಹಳೆಯ ಇಟ್ಟಿಗೆ ಕಾರ್ಖಾನೆಯ ಜಾಗದಲ್ಲಿರುವ ನಮ್ಮ ಪುಟ್ಟ ಮೈದಾನದ ಕಾರ್ಯದರ್ಶಿಯನ್ನು, ಅಂದರೆ ನನ್ನನ್ನು, ಇಬ್ಬರೂ ಒಪ್ಪಿದರು. "ಯಾರಿಗೂ ಬೇಡದವನು ಎಲ್ಲರಿಗೂ ಆಗ್ತಾನೆ" ಎಂದಳು ನನ್ನಾಕೆ. ಅವಳಿಗೆ ರಾಜಕೀಯ ತಿಳಿಯದು. ಇದು ಪೂರಾ ನನ್ನ ನಾಲಗೆಯ ಗೆಲುವು. ಊರ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ, ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುತ್ತ ಬಂದವನು ಇಂದು ಇಡೀ ದೇಶದ ಗಾಲ್ಫ್ ನಡೆಸುತ್ತಾನೆಂದರೆ ಸುಮ್ಮನೆಯೇ?

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಕಡ್ಡಿ. ಅಣ್ಣನ ಮಗಳು, ಅಣ್ಣ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಬೆಳೆದವಳು. ಸಣ್ಣಗಿದ್ದಾಳೆಂದು ಆ ಹೆಸರಲ್ಲ. ಏನು ಹೇಳಿದರೂ ಕಡ್ಡಿ ಮುರಿದ ಹಾಗೆ ಹೇಳುತ್ತಾಳೆ, ಅದಕ್ಕೆ. ವಲಯದ ಹುಡುಗಿಯರನ್ನೆಲ್ಲ ಸೋಲಿಸಿ ಕೂತಿದ್ದಾಳೆ. ಇನ್ನು ದೇಶದ ಕಿರಿಯರ ತಂಡಕ್ಕೆ ಸೇರಬೇಕು. ಅದು ಈ ವರ್ಷವೇ ಆಗಬೇಕು, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಏಪ್ರಿಲ್ ಮುಗಿಯುವವರೆಗೆ ಆಡಿದ ಆಟಗಳ ಅಂಕ ನೋಡಿ ಮಂಡಳಿಯೇ ಶಿಬಿರಕ್ಕೆ ಕರೆಯುತ್ತದೆ, ಶಿಬಿರದಿಂದ ತಂಡ.

ನಮ್ಮದು ಒಂಬತ್ತೇ ಕುಳಿಗಳ ಮೈದಾನ. ದೊಡ್ಡವರದ್ದು ಹದಿನೆಂಟು. ನಾವು ಅದೇ ಒಂಬತ್ತನ್ನು ಎರಡು ಸುತ್ತು ಆಡುತ್ತೇವೆ. ಒಂಬತ್ತೆರಡಲ ಹದಿನೆಂಟು. ಮಗ್ಗಿಗೆ ಬಡವ ಬಲ್ಲಿದನೆಂಬ ಭೇದವಿಲ್ಲ.

ಫೆಬ್ರವರಿ ೮, ಶನಿವಾರ

ಮಂಡಳಿಯ ಸಭೆ. ನನ್ನ ಮೊದಲ ಸಭೆ. ಮೊದಲ ಎಸೆತಕ್ಕೇ ವಿಕೆಟ್ ಎನ್ನಬಹುದಿತ್ತು, ಆದರೆ ಆಟ ಬೇರೆ.

ಮೊಟ್ಟೆಯಾಕಾರದ ಮೇಜು. ಎಷ್ಟು ದೊಡ್ಡದೆಂದರೆ ಆ ತುದಿಯವರ ಮುಖ ಈ ತುದಿಗೆ ಕಾಣುವುದಿಲ್ಲ, ಕೆಮ್ಮಿನಿಂದ ಗುರುತು ಹಿಡಿಯಬೇಕು. ಪ್ರತಿಯೊಬ್ಬರ ಮುಂದೆ ಒಂದು ಮೈಕು, ಒಂದು ನೀರಿನ ಬಾಟಲಿ, ದಿಂಬಿನ ಗಾತ್ರದ ಒಂದು ಕಾಗದದ ಕಟ್ಟು. ತಲೆಯ ಕಡೆ ಅಧ್ಯಕ್ಷರು. ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಾರೆ. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾರೆ. ಪಕ್ಕದಲ್ಲಿ ಸೆಕ್ರೆಟರಿ, ಮೂಗಿನಲ್ಲಿ ಮಾತಾಡುವ ಮನುಷ್ಯ.

ನಡೆಯುವ ರೀತಿ ಹೀಗೆ. ಉಪಸಮಿತಿಗಳು ಬರೆಯುತ್ತವೆ, ಮಂಡಳಿ ಒಪ್ಪುತ್ತದೆ. ನಿಯಮಕ್ಕೊಂದು ಉಪಸಮಿತಿ, ಪಂದ್ಯಕ್ಕೊಂದು, ಹುಲ್ಲಿಗೂ ಒಂದು. ಒಪ್ಪುವ ಮುನ್ನ ಆ ವಿಷಯವನ್ನು ಗಟ್ಟಿಯಾಗಿ ಓದಬೇಕೆಂದು ಕಾನೂನು. ಓದುವವರು ಸದಸ್ಯರೇ, ಕೂತ ಸಾಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು. ಮೊದಲ ವಿಷಯವನ್ನು ಒಬ್ಬ ಡಾಕ್ಟರು ಓದಿದರು. ಎರಡನೆಯದನ್ನು ಒಬ್ಬ ನಿವೃತ್ತ ಕರ್ನಲ್ಲು ಓದಿದರು. ಕರ್ನಲ್ಲಿನ ಪಕ್ಕದ ಕುರ್ಚಿ ನನ್ನದು.

ನಾನು ಕನ್ನಡಕವನ್ನೂ ತಂದಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಹಾಲಿನಿಂದ ಊಟದ ಪಾತ್ರೆಗಳ ಸದ್ದು ಬಂತು. ಸೆಕ್ರೆಟರಿ ಗಡಿಯಾರ ನೋಡಿ, "ಉಳಿದದ್ದನ್ನ ಓದಿದಂತೆ ಭಾವಿಸೋಣವೇ?" ಎಂದರು. ಹಾಗೆ ಒಂದು ಪದ್ಧತಿಯಿದೆಯಂತೆ. ಯಾರಾದರೂ ಒಬ್ಬರು ಹೂಂ ಎಂದರೆ ಸಾಕು, ಓದದಿದ್ದರೂ ಓದಿದ ಲೆಕ್ಕ. ಎಲ್ಲರಿಗೂ ಆಸೆ, ಮೊದಲು ಬಾಯಿ ಬಿಡಲು ಸಂಕೋಚ. ನಾನು ಮೈಕು ಎಳೆದುಕೊಂಡು, "ಭಾವಿಸೋದೇನು ಸ್ವಾಮಿ, ಭಾವಿಸಿಯಾಯಿತು!" ಎಂದೆ.

ಮೇಜು ಪೂರ್ತಿ ನಕ್ಕಿತು. ದೊಡ್ಡವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ನೋಡಬೇಕು ಮಜಾ. ಒಂದೊಂದು ವಿಷಯಕ್ಕೂ ಸೆಕ್ರೆಟರಿ ನನ್ನ ಕಡೆ ತಿರುಗುವುದು, ನಾನು "ಭಾವಿಸಿಯಾಯಿತು" ಎನ್ನುವುದು, ಠಪ್ಪೆಂದು ಸುತ್ತಿಗೆ ಬೀಳುವುದು. ಕೊನೆಕೊನೆಗೆ ಎಲ್ಲರೂ ಕೂಡಿ ರಾಗವಾಗಿ ಹೇಳತೊಡಗಿದರು. ದಿಂಬು ಬಿಚ್ಚುವ ಮೊದಲೇ ನಿದ್ದೆ ಮುಗಿದಿತ್ತು.

ಊಟಕ್ಕೆ ಏಳುವಾಗ ದೊಡ್ಡವರು ನನ್ನ ಬೆನ್ನು ತಟ್ಟಿ, "ಇಷ್ಟು ವರ್ಷ ಎಲ್ಲಿದ್ರಿ ನೀವು?" ಎಂದರು. ಕಡ್ಡಿಯ ವಿಷಯ ತೆಗೆದೆ. "ನಿಮ್ಮ ಮನೆ ಹುಡುಗಿನಾ? ಅಂಕ ಚೆನ್ನಾಗಿದ್ರೆ ತಡೆಯೋರು ಯಾರು?" ಎಂದರು.

ಬರುವಾಗ ಕಟ್ಟನ್ನು ಹೊತ್ತು ತಂದಿದ್ದೇನೆ. ಅಂಗಡಿಯ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತಿತ್ತು, ಅದಕ್ಕೆ ಆನಿಸಿಟ್ಟಿದ್ದೇನೆ.

ಫೆಬ್ರವರಿ ೨೦, ಗುರುವಾರ

ಸಂಜೆ ಮೈದಾನಕ್ಕೆ ಹೋದೆ. ಕಡ್ಡಿ ಎರಡನೇ ಸುತ್ತಿನಲ್ಲಿದ್ದಳು. ಇಟ್ಟಿಗೆ ಗೂಡಿನ ಹಳೆಯ ಚಿಮಣಿಯ ಗುರಿ ಹಿಡಿದು ಹೊಡೆದರೆ ಚೆಂಡು ಎಡಕ್ಕೆ ವಾಲಿ ಏಳನೇ ಕುಳಿಯ ಹತ್ತಿರ ಬೀಳುತ್ತದೆ. ಆ ಗುಟ್ಟು ಅವಳಿಗೆ ನಾನೇ ಹೇಳಿಕೊಟ್ಟದ್ದು. ಅವಳನ್ನು ಕೇಳಿದರೆ ತಾನೇ ಕಂಡುಹಿಡಿದದ್ದು ಎನ್ನುತ್ತಾಳೆ.

"ಚಿಕ್ಕಪ್ಪ, ಒಂದು ಮಾತು. ಪೇಟೆ ಕ್ಲಬ್ಬಿನ ಕೋಚಮ್ಮ ಕರೀತಿದಾರೆ. ಅವರ ಮನೇಲೇ ಇದ್ಕೊಂಡು ಏಪ್ರಿಲ್‌ವರೆಗೆ ಅಲ್ಲೇ ಆಡು ಅಂತಾರೆ."

"ಯಾಕಂತೆ? ನಮ್ಮ ಹುಲ್ಲು ಹುಲ್ಲಲ್ವಂತಾ?"

"ಚಿಕ್ಕ ಮೈದಾನದ ಆಟ ಲೆಕ್ಕಕ್ಕೆ ತಗೊಳಲ್ಲ ಅಂತ ಏನೋ ಬರ್ತಿದೆಯಂತೆ. ಸಭೇಲಿ ಆ ವಿಷಯ ಬಂತಾ?"

ಒಂದು ಕ್ಷಣ ಆ ದಿಂಬು ಕಣ್ಮುಂದೆ ಬಂತು. ಆದರೆ ಅಂಥ ದೊಡ್ಡ ವಿಷಯ ಬಂದಿದ್ದರೆ ಯಾರಾದರೂ ಮಾತಾಡದೆ ಇರುತ್ತಿದ್ದರೇ? "ನಾನು ಆ ಕುರ್ಚಿ ಮೇಲೆ ಕೂತಿರೋವಾಗ ಒಂಬತ್ತು ಕುಳಿ ಮುಟ್ಟೋ ಗಂಡು ಯಾವನಿದಾನೆ?" ಎಂದೆ. "ಪೂರಾ ಓದಿದೀನಿ. ಅಕ್ಷರ ಅಕ್ಷರ."

"ನಿಜವಾಗ್ಲೂ?"

"ಊರ ಶಾಲೆ ಅಂತ ನನ್ನನ್ನ ಅಷ್ಟು ಹಗುರ ಮಾಡ್ಬೇಡ."

ಅವಳು ಚೆಂಡನ್ನು ಕೈಯಲ್ಲಿ ತಿರುಗಿಸುತ್ತ ನಿಂತಳು. "ಸರಿ ಹಾಗಾದ್ರೆ. ಇಲ್ಲೇ ಆಡ್ತೀನಿ. ನನಗೂ ಇಲ್ಲೇ ಇಷ್ಟ" ಎಂದು ಹೊಡೆದಳು. ಚಿಮಣಿ, ಎಡಕ್ಕೆ ಒಂದು ವಾಲು, ಕುಳಿಯ ಪಕ್ಕ. ಏನು ಹೊಡೆತ!

ಮಾರ್ಚ್ ೧೫, ಶನಿವಾರ

ಮಂಡಳಿಯಲ್ಲಿ ನನಗೀಗ ಹೆಸರೇ ಭಾವಿಸಿಯಾಯಿತು. ಮುಂದಿನ ಸಭೆಗೆ ತಪ್ಪದೆ ಬರಬೇಕೆಂದು ಸೆಕ್ರೆಟರಿ ತಾವೇ ಫೋನು ಮಾಡಿದ್ದರು. ಮನೆಯಲ್ಲೂ ಅದೇ ಆಟ ನಡೆದಿದೆ. ನನ್ನಾಕೆ ಪಾತ್ರೆ ತೊಳೆಯಲು ಹೇಳಿದರೆ "ತೊಳೆದಂತೆ ಭಾವಿಸಲಾಗಿದೆ" ಎನ್ನುತ್ತೇನೆ. "ನಾಳೆ ಬಡಿಸಿದಂತೆ ನಾನೂ ಭಾವಿಸ್ತೀನಿ" ಎಂದಳು. ತೊಳೆದೆ.

ಕಡ್ಡಿಯ ಅಂಕಗಳು ಬೆಂಕಿ. ಹೀಗೆಯೇ ಹೋದರೆ ಶಿಬಿರಕ್ಕೆ ಮೊದಲ ಕರೆ ಅವಳಿಗೇ.

ಏಪ್ರಿಲ್ ೨೮, ಸೋಮವಾರ

ಕಡ್ಡಿಯ ಫೋನಿನಲ್ಲಿ ಇವತ್ತು ಮಂಡಳಿಯ ಈ ವರ್ಷದ ಮೊದಲ ಪಟ್ಟಿ ಬಂತು. ಅವಳ ಹೆಸರಿನ ಮುಂದೆ ಅಂಕಿ ಇರಬೇಕಾದಲ್ಲಿ ಒಂದು ಗೆರೆ ಇತ್ತು. ಯಂತ್ರ ಕೆಟ್ಟಿರಬೇಕು ಎಂದೆ. ನನ್ನ ಕಸುಬೇ ಅದಾದ್ದರಿಂದ ನನಗೆ ಎಲ್ಲವೂ ಹಾಗೆ ಕಾಣುತ್ತದೆ. ಅವಳು ಅಡುಗೆಮನೆಯಿಂದಲೇ ಮಂಡಳಿಯ ಕಚೇರಿಗೆ ಫೋನು ಮಾಡಿದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು, ಹಾಗಾಗಿ ಸ್ಪೀಕರಿನಲ್ಲಿ ಇಟ್ಟಳು. ಗುಮಾಸ್ತೆಯ ದನಿ ನಗುನಗುತ್ತ ಇತ್ತು.

"ನಿಮ್ಮ ಆಟಗಳು ಒಂಬತ್ತು ಕುಳಿ ಮೈದಾನದ್ದು ಅಲ್ವಾಮ್ಮ? ಈ ವರ್ಷದಿಂದ ಬೇರೆ ಬೇರೆ ಹದಿನೆಂಟು ಕುಳಿ ಇರೋ ಕಡೆ ಆಡಿದ್ದು ಮಾತ್ರ ಲೆಕ್ಕ. ಫೆಬ್ರವರಿ ಸಭೇಲೇ ಪಾಸಾಯ್ತಲ್ಲ."

"ಫೆಬ್ರವರೀಲಾ?"

"ಹೂಂ. ನಿಮ್ಮ ವಲಯದ ಸದಸ್ಯರೇ ಅನುಮೋದಿಸಿದಾರೆ. ಅದೇ ತಮಾಷೆ ಮಾಡ್ತಾರಲ್ಲ, ಭಾವಿಸಿಯಾಯಿತು ಅಂಕಲ್. ನಿಮಗೆ ಪರಿಚಯ ಇರಬೇಕಲ್ಲ?"

ಕಡ್ಡಿ ನನ್ನ ಕಡೆ ನೋಡಲಿಲ್ಲ. ಒಲೆಯ ಕಡೆ ನೋಡುತ್ತ, "ಇದೆ, ಪರಿಚಯ ಇದೆ" ಎಂದಳು. ಕೈ ತೊಳೆದುಕೊಂಡು ಹೊರಗೆ ಹೋದಳು.

ನನ್ನಾಕೆ ಅರ್ಧ ಕಲಸಿದ ಹಿಟ್ಟನ್ನು ತಾನೇ ಕಲಸಿದಳು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಏಪ್ರಿಲ್ ೨೯, ಮಂಗಳವಾರ

ಕಿಟಕಿಗೆ ಆನಿಸಿದ್ದ ಕಟ್ಟು ತೆಗೆದೆ. ಇದೆ. ಕರ್ನಲ್ಲು ಓದಿದ್ದರ ಮುಂದಿನದೇ. ಓದಲು ನನ್ನ ಪಾಳಿ ಇದ್ದದ್ದು.

ಮೇ ೨, ಶುಕ್ರವಾರ

ದೊಡ್ಡವರನ್ನು ನೋಡಲು ಮಂಡಳಿಯ ಕಚೇರಿಗೆ ಹೋದೆ. ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರ ಪಟಗಳು, ಎಲ್ಲರೂ ಕೋಲಿನ ಮೇಲೆ ಭಾರ ಬಿಟ್ಟು ನಿಂತವರೇ. ದೊಡ್ಡವರು ಎದ್ದು ಬಂದು ಕೈ ಹಿಡಿದು ಕೂರಿಸಿದರು. ಕೆಟ್ಟ ಮನುಷ್ಯನಾಗಿದ್ದರೆ ಎಷ್ಟು ಸುಲಭವಿತ್ತು.

"ಅಯ್ಯೋ, ನಿಮ್ಮ ಮೈದಾನ ಒಂಬತ್ತು ಕುಳೀದಾ? ಒಂದು ಮಾತು ಹೇಳಬಾರದಿತ್ತಾ ಆವತ್ತು?"

"ನಾನು ಓದಿರಲಿಲ್ಲ."

"ನಾನೂ ಓದಿರಲಿಲ್ಲ" ಎಂದರು. "ಯಾರು ಓದ್ತಾರೆ ಹೇಳಿ? ಉಪಸಮಿತಿಯೋರು ಹೊರದೇಶದ ಯಾವುದೋ ಪುಸ್ತಕದಿಂದ ಇಳಿಸ್ಕೊಂಡಿರ್ತಾರೆ. ಅವರು ಮಂಡಳಿ ಓದುತ್ತೆ ಅಂತ ಬರೀತಾರೆ. ಮಂಡಳಿ ಅವರು ಓದಿರ್ತಾರೆ ಅಂತ ಒಪ್ಪುತ್ತೆ."

"ಈಗ ತೆಗೆಯೋಕೆ ಆಗಲ್ವಾ?"

"ವಾರ್ಷಿಕ ಸಭೇಲಿ ಮಾತ್ರ. ಜುಲೈಲಿ. ಅಷ್ಟರಲ್ಲಿ ತಂಡ ಹೋಗಿಬಿಟ್ಟಿರುತ್ತೆ." ಮೇಜಿನ ಮೇಲಿನ ಕ್ಯಾಲೆಂಡರು ತಿರುವಿ, "ಮುಕ್ತ ಪಂದ್ಯ ಒಂದಿದೆ ನೋಡಿ. ಅಂಕ ಇಲ್ಲದವರೂ ಆಡಬಹುದು. ಮೊದಲ ಇಬ್ಬರಿಗೆ ಶಿಬಿರದಲ್ಲಿ ಜಾಗ. ಕಳಿಸಿ, ದೇವರು ದೊಡ್ಡೋನು" ಎಂದರು.

ಬಾಗಿಲ ತನಕ ಬಂದು ಬೀಳ್ಕೊಟ್ಟರು. ಜವಾನನಿಗೆ ನನ್ನನ್ನು ತೋರಿಸಿ, "ಇವರೇ ಕಣಪ್ಪಾ ನಮ್ಮ ಭಾವಿಸಿಯಾಯಿತು" ಎಂದರು. ಜವಾನ ನಕ್ಕ. ನಾನೂ ನಕ್ಕೆ. ಅಭ್ಯಾಸ.

ಮೇ ೧೬, ಶುಕ್ರವಾರ

ಮುಕ್ತ ಪಂದ್ಯ. ದೊಡ್ಡ ಮೈದಾನ, ಹದಿನೆಂಟು ಕುಳಿ, ಒಂದರಂತೆ ಇನ್ನೊಂದಿಲ್ಲ.

ಕಡ್ಡಿಯ ಕೋಲುಗಳ ಚೀಲ ನಾನು ಹೊತ್ತೆ. ಕೋಚಮ್ಮ ಯಾರನ್ನೋ ಕಳಿಸುತ್ತೇನೆಂದಿದ್ದರಂತೆ, ಕಡ್ಡಿ ಬೇಡವೆಂದಳಂತೆ. ನಸುಕಿನಲ್ಲಿ ಬಸ್ಸು ಹತ್ತುವಾಗ ಅವಳು ಹೇಳಿದ್ದು ಒಂದೇ ಮಾತು: "ಚಿಕ್ಕಪ್ಪ, ಬಾಯಿಗೆ ಬೀಗ." ಆ ಅಡುಗೆಮನೆಯ ದಿನದ ಮೇಲೆ ಅವಳು ನನ್ನನ್ನು ಚಿಕ್ಕಪ್ಪ ಎಂದದ್ದು ಅದೇ ಮೊದಲು.

ಬೀಗ ಹಾಕಿಕೊಂಡೇ ಇದ್ದೆ. ಊಟದ ಹೊತ್ತಿಗೂ ಮಾತಾಡಲಿಲ್ಲ. ಅವಳು ಆಡಿದ ಆಟವನ್ನು ಬರೆಯಲು ನನಗೆ ಬರುವುದಿಲ್ಲ. ಚಿಮಣಿ ಇಲ್ಲದ ಆಕಾಶದಲ್ಲೂ ಅವಳಿಗೆ ಗುರಿ ಸಿಗುತ್ತಿತ್ತು. ಹದಿನೈದನೇ ಕುಳಿಗೆ ಬರುವಾಗ ಅವಳು ಎರಡನೇ ಸ್ಥಾನದಲ್ಲಿದ್ದಳು.

ಅಲ್ಲಿ ನಡುವೆ ಒಂದು ಕೆರೆ. ಕಡ್ಡಿ ಮೊದಲು ಹೊಡೆದಳು. ಚೆಂಡು ನೀರು ದಾಟಿ, ಒಂದು ಪುಟ ನೆಗೆದು, ಬಾವುಟದ ಬುಡದಲ್ಲಿ ನಿಂತಿತು. ಜೊತೆಗೆ ಆಡುತ್ತಿದ್ದ ಹುಡುಗಿ ಯಾವ ಕೋಲು ತೆಗೆಯಲೆಂದು ಚೀಲದಲ್ಲಿ ಕೈಯಾಡಿಸುತ್ತಿದ್ದಳು. ಎಳೆಯ ಹುಡುಗಿ, ಮುಖ ಬಾಡಿತ್ತು. ನನಗೆ ಎದೆ ತುಂಬಿ ಬಂದಿತ್ತು. ಇಡೀ ದಿನದ ಮಾತು ಗಂಟಲಿಗೆ ಬಂದು ಕೂತಿತ್ತು.

"ನೋಡಿದ್ಯೇನಮ್ಮ ನಮ್ಮ ಹುಡುಗೀನ! ಆರನೇ ನಂಬರ್ ಕೋಲಲ್ಲಿ ಹೊಡೆದಳು. ಇಲ್ಲಿ ಗೊತ್ತಾಗಲ್ಲ, ನೀರಿನ ಮೇಲೆ ಗಾಳಿ ಇದೆ" ಎಂದೆ.

ಆ ಹುಡುಗಿ ಹಿಡಿದಿದ್ದ ಕೋಲನ್ನು ಒಳಗಿಟ್ಟು ಆರನೆಯದನ್ನು ತೆಗೆದಳು.

ಕಡ್ಡಿ ನಿಂತಲ್ಲೇ ನಿಂತಳು. ಆಮೇಲೆ ಕೈಯೆತ್ತಿ ರೆಫರಿಯನ್ನು ಕರೆದಳು. ಬಿಳಿ ಟೋಪಿಯ ಹಿರಿಯ ಹೆಂಗಸು.

"ನನ್ನ ಚೀಲ ಹೊರೋರು ಎದುರಾಳಿಗೆ ಸಲಹೆ ಕೊಟ್ರು. ನನಗೆ ಎರಡು ಹೊಡೆತದ ದಂಡ."

"ನನಗೇನೂ ಕೇಳಿಸಲಿಲ್ಲಮ್ಮ" ಎಂದರು ಆಕೆ. ಪಾಪ, ಕೇಳಿಸಿತ್ತು.

"ನನಗೆ ಕೇಳಿಸ್ತು."

ನಾನು ಅಡ್ಡ ಬಂದೆ. "ಇದ್ಯಾವ ಕಾನೂನು ತಾಯಿ? ಒಂದು ಮಾತಾಡಿದ್ರೆ ದಂಡವಾ? ನಾನೇನು ಅವಳ ಕೈ ಹಿಡ್ದು ಹೊಡೆಸಿದ್ನಾ?"

ರೆಫರಿ ನನ್ನ ಎದೆಯ ಮೇಲಿನ ಮುದ್ರೆ ನೋಡಿದರು. ಮಂಡಳಿಯ ಕೋಟು ಹಾಕಿಕೊಂಡು ಹೋಗಿದ್ದೆ. "ಪುಸ್ತಕದಲ್ಲಿದೆ ಸ್ವಾಮಿ. ನೀವು ಮಂಡಳಿಯವರಲ್ವಾ?" ಎಂದು ಮೆಲ್ಲಗೆ ಕೇಳಿದರು.

ಕಡ್ಡಿ ಮೂರನೆಯವಳಾದಳು. ಒಂದೇ ಒಂದು ಹೊಡೆತ ಹೆಚ್ಚಾಗಿ.

ಮೇ ೧೭, ಶನಿವಾರ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನು ಊರ ಶಾಲೆಯ ಗೋಡೆಯ ಮೇಲೆ ಬರೆದಿದ್ದರು. ನನ್ನ ಬೆಂಚಿನ ಎದುರಿಗೇ.

ಮೇ ೨೫, ಭಾನುವಾರ

ಹುಲ್ಲು ಕತ್ತರಿಸುವ ಯಂತ್ರದ ಅಲಗು ಸಾಣೆ ಹಿಡಿದೆ. ಗಿರಾಕಿ ಮಂಡಳಿಯ ಕಥೆ ಹೇಳಿ ಎಂದ. ಅಲಗು ಹದವಾಗಿದೆ, ತಗೊಂಡು ಹೋಗಪ್ಪ ಎಂದೆ.

ಜುಲೈ ೧೯, ಶನಿವಾರ

ವಾರ್ಷಿಕ ಸಭೆ. ಒಂಬತ್ತು ಕುಳಿಯ ಮಾತನ್ನು ಎತ್ತಿದೆ. ಮುಂದಿನ ವರ್ಷದಿಂದ ಲೆಕ್ಕಕ್ಕೆ ತೆಗೆದುಕೊಳ್ಳೋಣ ಎಂದು ಎಲ್ಲರೂ ಒಪ್ಪಿದರು. ಒಂದೇ ನಿಮಿಷದ ಕೆಲಸ. ಯಾರಿಗೂ ಅದರ ಮೇಲೆ ದ್ವೇಷವೇ ಇರಲಿಲ್ಲ.

ಆಮೇಲೆ ಮಾಮೂಲು ಕಟ್ಟು. ಪಕ್ಕದ ಹಾಲಿನಲ್ಲಿ ಪಾತ್ರೆಗಳ ಸದ್ದು. ಸೆಕ್ರೆಟರಿ ನಗುತ್ತ ನನ್ನ ಕಡೆ ತಿರುಗಿದರು. "ಓದಿದಂತೆ ಭಾವಿಸೋಣವೇ?" ಎಲ್ಲರ ತುಟಿಯೂ ಸಿದ್ಧವಾಗಿತ್ತು.

"ಓದೋಣ" ಎಂದೆ.

ಹೊಸ ಜೋಕು ಎಂದು ನಕ್ಕರು. ನಾನು ನಗಲಿಲ್ಲವೆಂದು ಕಂಡಾಗ ಡಾಕ್ಟರು ಗಡಿಯಾರ ನೋಡಿದರು. "ಹಾಗಾದ್ರೆ ನೀವೇ ಶುರು ಮಾಡಿ" ಎಂದರು ದೊಡ್ಡವರು. ಅದರಲ್ಲಿ ಕುಹಕವಿತ್ತೋ ಇಲ್ಲವೋ ತಿಳಿಯದು.

ಕನ್ನಡಕ ತಂದಿದ್ದೆ. ಶಾಲೆಯಲ್ಲಿ ಮಾಡುತ್ತಿದ್ದ ಹಾಗೆ ಬೆರಳಿಟ್ಟು ಓದಿದೆ. ಒತ್ತಕ್ಷರ ಬಂದಲ್ಲಿ ತಡವರಿಸಿದೆ. ಊರ ಮೇಷ್ಟ್ರು ಎಷ್ಟು ಬಡಿದರೂ ಅದು ಹೋಗಿರಲಿಲ್ಲ. ಕರ್ನಲ್ಲು ಮೊದಲು ಕೆಮ್ಮಿದರು, ಆಮೇಲೆ ಬಗ್ಗಿ ಒಂದೊಂದು ಪದ ಎತ್ತಿಕೊಟ್ಟರು. ಊಟ ಆರಿತು. ಓದಿದ್ದರಲ್ಲಿ ಯಾರಿಗೂ ಕೇಡಾಗುವಂಥದ್ದು ಏನೂ ಇರಲಿಲ್ಲ. ಎಲ್ಲ ಹುಲ್ಲಿನ ಎತ್ತರ, ಬಾವುಟದ ಬಣ್ಣ.

ಮುಂದಿನ ಅವಧಿಗೆ ನಮ್ಮ ವಲಯದಿಂದ ಬೇರೆಯವರನ್ನು ನೋಡುತ್ತಿದ್ದಾರಂತೆ. ನೋಡಲಿ.

ಆಗಸ್ಟ್ ೨೪, ಭಾನುವಾರ

ಕಡ್ಡಿ ರೆಫರಿ ಪರೀಕ್ಷೆಗೆ ಕಟ್ಟಿದ್ದಾಳೆ. ಆಡುವುದನ್ನು ಬಿಟ್ಟಿಲ್ಲ, ಆದರೆ ಮೊದಲಿನ ಹಾಗೆ ಎರಡನೇ ಸುತ್ತಿಗೆ ಹೋಗುವುದಿಲ್ಲ. ಒಂಬತ್ತಕ್ಕೇ ನಿಲ್ಲಿಸುತ್ತಾಳೆ. ಯಾಕೆಂದು ನಾನು ಕೇಳಿಲ್ಲ.

ಸಂಜೆ ಮೈದಾನದ ಬೆಂಚಿನ ಮೇಲೆ ಕೂತಿದ್ದೆವು. ನಿಯಮದ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಓದ್ತಾ ಹೋಗಿ ಚಿಕ್ಕಪ್ಪ, ನಾನು ಬಾಯಿಪಾಠ ಮಾಡ್ತೀನಿ" ಎಂದಳು. ನನ್ನ ಓದು ನಿಧಾನವಾದ್ದರಿಂದ ಅವಳಿಗೆ ಚೆನ್ನಾಗಿ ಮನಸ್ಸಿಗೆ ಹತ್ತುತ್ತದಂತೆ. ಹಾಗೆ ಹೇಳಿದಳು.

ಓದುತ್ತ ಓದುತ್ತ ಸಲಹೆಯ ನಿಯಮಕ್ಕೆ ಬಂದೆವು. ಬೆರಳು ಅಲ್ಲೇ ನಿಂತಿತು. ಚಿಮಣಿಯ ನೆರಳು ಏಳನೇ ಕುಳಿಯನ್ನು ಮುಟ್ಟಿತ್ತು.

ಕಡ್ಡಿ ಪುಸ್ತಕದತ್ತ ಬಗ್ಗಿ ನೋಡಿದಳು. "ಇದನ್ನ ಓದಿದಂತೆ ಭಾವಿಸೋಣ್ವಾ, ಚಿಕ್ಕಪ್ಪ?" ಎಂದಳು. ಕಡ್ಡಿ ಮುರಿಯುವ ದನಿಯಲ್ಲ ಅದು.

"ಬೇಡ" ಎಂದೆ.

ಕನ್ನಡಕ ಒರೆಸಿಕೊಂಡು ಓದಿದೆ. ಚೀಲ ಹೊತ್ತವನ ತಪ್ಪಿಗೆ ಆಟಗಾರನೇ ಹೊಣೆ ಎಂಬಲ್ಲಿ ನಾಲಗೆ ತೊಡರಿತು.

"'ತಪ್ಪಿಗೆ'ಯಲ್ಲಿ ಒತ್ತು ಬಿಟ್ರಿ" ಎಂದಳು. "ಇನ್ನೊಂದು ಸಲ."

ಇನ್ನೊಂದು ಸಲ ಓದಿದೆ.